ಏಳನೇ ನಂಬರಿನ ಮೊಳೆ

ಮಾದೇವಣ್ಣ ಮೊದಲ ದಿನವೇ ನನಗೆ ಕಣ್ಣು ಹೊಡೆದರು ಅಂತ ತಿಳಿದು ನಾನು ಕಾಲಿನ ಚಪ್ಪಲಿಗೆ ಕೈ ಹಾಕಿದ್ದೆ. ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಎಸ್‌ಟಿಡಿ ಬೂತ್ ತೆರೆದ ದಿನ ಅದು. ನನಗಾಗ ಇಪ್ಪತ್ತನಾಲ್ಕು ವರ್ಷ, ಮೂಗಿನ ತುದಿಯಲ್ಲೇ ಕೋಪ. ಪಕ್ಕದ ಲೇತ್ ಅಂಗಡಿಯ ಬಾಗಿಲಲ್ಲಿ ನಿಂತ ನಲವತ್ತು ದಾಟಿದ ಗಂಡಸು, ಹಣೆಯ ಮೇಲೆ ಮೂರು ಗೆರೆ ವಿಭೂತಿ ಬೇರೆ, ಎಡಗಣ್ಣು ಮುಚ್ಚಿಕೊಂಡು ನನ್ನ ಕಡೆಗೇ ನೋಡುತ್ತಿದ್ದರೆ ಇನ್ನೇನು ತಿಳಿಯಬೇಕು?

"ನಿನ್ ಬೋರ್ಡು ಎಡಕ್ಕೆ ಎರಡು ನೂಲು ಇಳ್ದದೆ ಕಣವ್ವ," ಅಂದರು. ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ತಲೆಯ ಮೇಲಿನ ಹಳದಿ ಬೋರ್ಡನ್ನು. ಒಳಗಿಂದ ರಸಮಟ್ಟ, ಅಡಿಪಟ್ಟಿ ತಂದು ಅಳೆದೇ ತೋರಿಸಿದರು. ಎರಡೇ ನೂಲು, ಅಂದರೆ ಕಾಲಿಂಚು. ನಾನು ಚಪ್ಪಲಿಯನ್ನು ಮೆಲ್ಲಗೆ ಕಾಲಿಗೇ ಸೇರಿಸಿಕೊಂಡೆ.

ಆಮೇಲೆ ಗೊತ್ತಾಯಿತು, ಅವರು ನೋಡುವುದೇ ಹಾಗೆ. ಲೇತ್ ಮೇಲೆ ತಿರುಗುವ ಕಬ್ಬಿಣವನ್ನು ಹಾಗೆ ನೋಡಿದರೆ ಸರಿ. ರಸಬಾಳೆ ಚಿಪ್ಪನ್ನೂ ಹಾಗೇ ನೋಡಿ ಕೊಳ್ಳುತ್ತಿದ್ದರು, ನಂಜುಂಡೇಶ್ವರನ ಮಂಗಳಾರತಿಯನ್ನೂ ಒಂದೇ ಕಣ್ಣಲ್ಲಿ ನೋಡುತ್ತಿದ್ದರು. ಚಿಕ್ಕಯ್ಯನಛತ್ರದ ಕಡೆಯಿಂದ ಬರುವ ಪಂಪ್‌ಸೆಟ್ಟು, ಆಲೆಮನೆಯ ಗಾಣದ ಶಾಫ್ಟು, ಯಾವುದೇ ಇರಲಿ, ಮೊದಲು ಆ ಬಲಗಣ್ಣಿನ ಮುಂದೆ ಹಾಯ್ದು ಹೋಗಬೇಕು. "ಎಡಗಣ್ಣು ಬರೀ ಕಣ್ಣೀರಿಗೆ ಕಣವ್ವ, ಗೇಮೆಗೆ ಇದೊಂದೇಯ," ಅಂತ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಈಗ ಆ ಮಾತು ನೆನೆದರೆ ನಗು ಬರುವುದಿಲ್ಲ.

ಅವರಿಗಿದ್ದ ಹುಚ್ಚು ಒಂದೇ, ಬುಗುರಿ. ಎಲ್ಲರ ಬುಗುರಿಗೂ ಮೊಳೆ ಹೊಡೆದು ತುದಿ ಅರೆದರೆ ಮುಗಿಯಿತು. ಮಾದೇವಣ್ಣ ಜಾಲಿಯ ಕೊರಡನ್ನು ಲೇತಿನಲ್ಲಿ ಕಡೆದು, ತಳಕ್ಕೆ ಬುಷ್ ಅನ್ನುವ ಹಿತ್ತಾಳೆಯ ಸಣ್ಣ ಕೊಳವೆ ಕೂರಿಸಿ, ಅದರೊಳಗೆ ತಿರುಪಿನ ಥ್ರೆಡ್ ಕೊರೆಯುತ್ತಿದ್ದರು. ಮೊಳೆಗೂ ಅದೇ ಥ್ರೆಡ್. ಬೇಡವಾದ ಮೊಳೆ ಬಿಚ್ಚಿ ಬೇಕಾದ ಮೊಳೆ ತಿರುಗಿಸಿಕೊಳ್ಳಬಹುದು. ಚೂಪು ಮೊಳೆ, ಉಳಿಯಂತೆ ಚಪ್ಪಟೆ ಬಾಯಿನ ಮೊಳೆ, ಬೇರಿಂಗ್ ಗುಂಡು ಬೆಸೆದ ಮೊಳೆ, ಹೀಗೆ ಒಂದೊಂದಕ್ಕೂ ನಂಬರು ಕೊಟ್ಟು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದರು.

ಮಧ್ಯಾಹ್ನ ಕರೆಂಟು ಹೋದಾಗ ಅವರ ಲೇತೂ ನಿಲ್ಲುತ್ತಿತ್ತು, ನನ್ನ ಬೂತಿನ ಮೀಟರಿನ ಕೆಂಪಂಕಿಯೂ ಆರುತ್ತಿತ್ತು. ಆಗ ನಮ್ಮಿಬ್ಬರ ಅಂಗಡಿಗೂ ಸೇರಿದ ಜಗಲಿಯ ಮೇಲೆ ಪರೀಕ್ಷೆ ಶುರು. ಅದೇ ಬುಗುರಿ, ಅದೇ ಚಾಟಿ, ಸುತ್ತುವ ಸುತ್ತೂ ಅಷ್ಟೇ. ಮೊಳೆ ಒಂದು ಮಾತ್ರ ಬೇರೆ. ಎಷ್ಟು ಹೊತ್ತು ತಿರುಗಿತು, ವೃತ್ತ ಬಿಟ್ಟು ಎಷ್ಟು ದೂರ ಅಲೆಯಿತು, ಕೆಳಗೆ ಮಲಗಿಸಿದ ಬುಗುರಿಯ ಮೇಲೆ ಬಿದ್ದ ಗುನ್ನ ಎಷ್ಟು ಆಳ. ನನ್ನ ಅಕ್ಷರ ಗುಂಡಗಿದ್ದದ್ದರಿಂದ ಬರೆಯುವ ಕೆಲಸ ನನ್ನದಾಯಿತು. ಗೋಡೆ ಗಡಿಯಾರದ ಸೆಕೆಂಡು ಮುಳ್ಳು ನೋಡುತ್ತಾ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ.

ಎರಡನೇ ನಂಬರಿನ ಗುಂಡು ಮೊಳೆ ತಿರುಗುವಾಗ ದುಂಬಿಯ ಹಾಗೆ ಗುಂಯ್ ಅನ್ನುತ್ತಿತ್ತು. ನನಗದರ ಮೇಲೆ ಪ್ರೀತಿ. ಒಂದು ದಿನ ಅದಕ್ಕೆ ಎರಡು ಸೆಕೆಂಡು ಹೆಚ್ಚಿಗೆ ಬರೆದೆ. ಮಾದೇವಣ್ಣ ಪುಟದ ಮೇಲೆ ಒಂಟಿಕಣ್ಣು ಇಟ್ಟವರೇ ಹಿಡಿದುಬಿಟ್ಟರು. "ಮೊಳೆ ಮೇಲೆ ಕರುಣೆ ತೋರುಸ್ಬೇಡ ಕಣವ್ವ," ಅಂದರು, ಬೈಯದೆ. "ನಾಳೆ ಅದು ನಿನ್ ಮ್ಯಾಲೆ ತೋರ್ಸಕಿಲ್ಲ." ನಾನು ತುಟಿ ಕಚ್ಚಿಕೊಂಡು ಅಂಕಿ ತಿದ್ದಿದೆ.

ಇಷ್ಟೆಲ್ಲ ಯಾಕೆ ಅನ್ನುವುದು ತಿಳಿದದ್ದು ಅವರ ಅಕ್ಕನ ಫೋನು ಬಂದ ಮೇಲೆ. ಮಾದೇವಣ್ಣನ ಹೆಂಡತಿ ಬಾಣಂತನದಲ್ಲೇ ತೀರಿಕೊಂಡಿದ್ದರು, ಕೂಸೂ ಉಳಿದಿರಲಿಲ್ಲ. ರಕ್ತಸಂಬಂಧ ಅಂತ ಉಳಿದದ್ದು ಅಕ್ಕ ಗೌರಮ್ಮ ಒಬ್ಬರೇ. ಅವರನ್ನು ಟಿ. ನರಸೀಪುರದಲ್ಲಿ ಸಣ್ಣ ರೈಸ್ ಮಿಲ್ ಇಟ್ಟಿದ್ದ ಪುಟ್ಟಸ್ವಾಮಿಗೆ ಕೊಟ್ಟಿತ್ತು. ಭಾವನೂ ಬುಗುರಿಯ ಹುಚ್ಚನೇ. ಆರು ವರ್ಷದ ಕೆಳಗೆ ಮಿಲ್ಲಿನ ಅಂಗಳದಲ್ಲಿ ಇಬ್ಬರೂ ತಮಾಷೆಗೆ ಆಡುವಾಗ, ಪುಟ್ಟಸ್ವಾಮಿಯ ಸತ್ತ ತಂದೆ ಕೈಯಾರೆ ಕೆತ್ತಿಕೊಟ್ಟಿದ್ದ ಬುಗುರಿಯನ್ನು ಮಾದೇವಣ್ಣನ ಮೊಳೆ ಎರಡು ಹೋಳು ಮಾಡಿತು. ಅಷ್ಟೇ ಆಗಿದ್ದರೆ ಹೇಗೋ ಮುಗಿಯುತ್ತಿತ್ತು. ಮಾದೇವಣ್ಣ ನಕ್ಕರು. ನಂಟರೆಲ್ಲ ನಕ್ಕರು. ಪುಟ್ಟಸ್ವಾಮಿ ಕೊರಳಿನ ಲಿಂಗ ಮುಟ್ಟಿ ಹೇಳಿಬಿಟ್ಟರು: "ನನ್ ಅಂಗಳದಲ್ಲಿ, ನನ್ ಕೈಯೇಟ್ಗೆ ನಿನ್ ಬುಗುರಿ ಸೀಳೋಗಂಟ ನಿನ್ ಬಾಗಿನ ಈ ಹೊಸಲು ದಾಟಕಿಲ್ಲ ಕಣ್ಲಾ ಮಾದೇವ. ಇವಳೂ ನಂಜನಗೂಡಿನ ಹಾದಿ ತುಳಿಯಕಿಲ್ಲ."

ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರದ ಹೆಂಗಸಿನ ಪಾಡು ಹೆಂಗಸರಿಗೇ ಗೊತ್ತು. ಬೀದಿಯಲ್ಲಿ ಒಬ್ಬೊಬ್ಬರ ಮನೆಗೂ ಅಣ್ಣ ತಮ್ಮಂದಿರು ಬಂದಿಳಿಯುವಾಗ ಗೌರಮ್ಮ ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದರಂತೆ. ಮಾದೇವಣ್ಣ ಮರುವರ್ಷವೇ ಮೆತ್ತನೆಯ ಹಳೇ ಮೊಳೆ ಹಾಕಿಕೊಂಡು ಹೋಗಿ ಸೋಲಲು ನೋಡಿದ್ದರು. ಪುಟ್ಟಸ್ವಾಮಿ ಎರಡನೇ ಏಟಿಗೇ ಕಂಡುಹಿಡಿದು ಚಾಟಿ ಬಿಸಾಕಿದರು. "ನಂಗೆ ಭಿಕ್ಷೆ ಹಾಕಕ್ ಬಂದ್ಯೇನ್ಲಾ?" ಅಂದವರು ಅಲ್ಲಿಂದ ಮುಂದೆ ಹೆಂಡತಿ ಫೋನು ಮಾಡುವುದಕ್ಕೂ ಒಪ್ಪಲಿಲ್ಲ.

ಆದ್ದರಿಂದ ಗೌರಮ್ಮ ನನ್ನ ಬೂತಿಗೆ ಕದ್ದು ಫೋನು ಮಾಡುತ್ತಿದ್ದರು. "ರತ್ನವ್ವ, ನಮ್ ಮಾದೇವುಂಗೆ ನೀನಾದ್ರೂ ಬುದ್ಧಿ ಹೇಳವ್ವ. ಈ ಸಾರಿ ಸೋತ್ಬುಡು ಅನ್ನು. ಅವ್ರಿಗೆ ಗೊತ್ತಾಗದಂಗೆ ಸೋತ್ಬುಡು ಅನ್ನು." ಕೊನೆಯ ಮಾತು ಹೇಳುವಾಗ ಧ್ವನಿ ಇಳಿದು ಬರೀ ಉಸಿರಾಗುತ್ತಿತ್ತು. ನಾನು ಒಂದಕ್ಷರ ಬಿಡದೆ ಮಾದೇವಣ್ಣನಿಗೆ ಒಪ್ಪಿಸಿದೆ. ಅವರು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡರು.

"ಗೆಲ್ಲೋ ಮೊಳೆ ಮಾಡಾದು ಸಲೀಸು ಕಣವ್ವ," ಅಂದರು. "ಗೆದ್ಕಂಡ್ ಗೆದ್ಕಂಡ್ ಓಗಿ ಸೋಲೋ ಮೊಳೆ ಬೇಕು. ಭಾವ ಕಬ್ಣ ಬಲ್ಲೋನು. ಅವನ್ ಕಣ್ಗೆ ಮಣ್ಣೆರಚಬೇಕು."

ಆ ಆಷಾಢದಿಂದ ನಮ್ಮ ಪರೀಕ್ಷೆಯ ದಿಕ್ಕೇ ತಿರುಗಿತು. ಡಬ್ಬದಲ್ಲಿ ಎಲ್ಲಕ್ಕಿಂತ ಬಲವಾದದ್ದು ನಾಲ್ಕನೇ ನಂಬರು. ಮುರಿದ ಡ್ರಿಲ್ಲಿನ ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ, ಮತ್ತೆ ಸಣ್ಣ ಉರಿಯಲ್ಲಿ ನೀಲಿ ಬಣ್ಣ ಬರುವ ತನಕ ಹಿಡಿದು ಹದ ಇಳಿಸಿದ ಮೊಳೆ ಅದು. ಹಾಗೆ ಹದ ಇಳಿಸಿದರೆ ಉಕ್ಕು ಏಟು ತಡೆಯುತ್ತದೆ, ಇಳಿಸದಿದ್ದರೆ ಗಾಜಿನಂತೆ ಸಿಡಿಯುತ್ತದೆ. ಮಾದೇವಣ್ಣ ಅದೇ ಉಕ್ಕಿನಲ್ಲಿ, ಅದೇ ಅಳತೆಯಲ್ಲಿ, ಹದ ಇಳಿಸದ ಮೊಳೆಗಳನ್ನು ಮಾಡಿದರು. ನೀಲಿಯ ಬದಲು ಬೂದು ಬಣ್ಣ. ಅದಕ್ಕೆ ಅರಗಿನ ಹೊಗೆ ಹಿಡಿದು ನೀಲಿಯಂತೆ ಕಾಣಿಸಿದರು. ಅದೇ ಏಳನೇ ನಂಬರು.

ಏಳನೆಯದು ಮೊದಲ ಏಟುಗಳಲ್ಲಿ ನಾಲ್ಕನೆಯದಕ್ಕಿಂತ ಆಳವಾಗಿ ಕಚ್ಚುತ್ತಿತ್ತು. ಕೆಳಗಿನ ಬುಗುರಿಯಿಂದ ಚಕ್ಕೆ ಏಳುತ್ತಿತ್ತು. ಆಮೇಲೆ ಯಾವುದೋ ಒಂದು ಏಟಿಗೆ ಟಿಕ್ ಅಂತ ಒಂದು ಸದ್ದು. ಮೊಳೆ ಇಲ್ಲ. ಯಾವ ಏಟಿಗೆ ಅನ್ನುವುದೇ ಪ್ರಶ್ನೆ. ಜಗಲಿಯ ಕಲ್ಲಿನ ಮೇಲೆ ಸಿಮೆಂಟಿನ ಬಿಲ್ಲೆ ಹಾಕಿ ಪರೀಕ್ಷೆ ಮಾಡಿದೆವು, ಭಾವನ ಅಂಗಳ ಭತ್ತ ಒಣಗಿಸುವ ಸಿಮೆಂಟಿನ ಕಣವಾದ್ದರಿಂದ. ಒಂದು ಆರನೇ ಏಟಿಗೆ ಹೋಯಿತು, ಒಂದು ಐದಕ್ಕೆ, ಇನ್ನೊಂದು ಏಳಕ್ಕೆ. ಮಾದೇವಣ್ಣನ ಮುಖ ಅರಳುತ್ತಿತ್ತು. ನನಗೆ ಮಾತ್ರ ಆ ಟಿಕ್ ಸದ್ದು ಸರಿಹೋಗಲಿಲ್ಲ. ರಾಗಿ ಬೀಸುವಾಗ ಹರಳು ಸಿಕ್ಕಿದ ಹಾಗೆ ಹಲ್ಲು ಜುಂ ಅನ್ನುತ್ತಿತ್ತು.

ಏಳನೇ ನಂಬರಿನಲ್ಲೇ ಮಾಡಿದ ನಾಲ್ಕನೆಯ ಮೊಳೆ ಸಿಡಿದ ದಿನ ನಾನು ಬೂತಿನ ಕುರ್ಚಿಯನ್ನು ಬಾಗಿಲಾಚೆಗೆ ಎಳೆದು ಕೂತು ಬರೆಯುತ್ತಿದ್ದೆ. ಕಿವಿಯ ಪಕ್ಕ ಏನೋ ಸುಯ್ ಅಂದು ಹೋಯಿತು. ತಿರುಗಿ ನೋಡಿದರೆ ಬಾಗಿಲಿನ ತೇಗದ ಚೌಕಟ್ಟಿನಲ್ಲಿ ಎಳ್ಳುಕಾಳಿನಷ್ಟು ತೂತು. ಕೂತ ನನ್ನ ಹುಬ್ಬಿನ ಮಟ್ಟಕ್ಕಿತ್ತು. ಚೂರು ಒಳಗೇ ಹೂತು ಹೋಗಿತ್ತು, ಪಿನ್ನು ಹಾಕಿ ಕೆದಕಿದರೂ ಬರಲಿಲ್ಲ. ಮಾದೇವಣ್ಣ ಬಂದು ಎಡಗಣ್ಣು ಮುಚ್ಚಿ ತೂತಿನೊಳಗೆ ನೋಡಿದರು. ಅವರ ಮುಖದಲ್ಲಿ ನಗು ಇರಲಿಲ್ಲ.

"ನಾಲ್ಕರಲ್ಲಿ ಒಂದು ಮೇಲಕ್ಕೆ ಹಾರ್ತದೆ," ಅಂದರು, ತಮಗೆ ತಾವೇ.

ನಾನು ನೋಟ್‌ಬುಕ್ಕಿನಲ್ಲಿ 'ಚೂರು' ಅಂತ ಬರೆಯುವಷ್ಟರಲ್ಲಿ ಅವರ ಕೈ ಪುಟದ ಮೇಲೆ ಬಂತು. "ಅದೊಂದ ಬರೀಬ್ಯಾಡ ಕಣವ್ವ."

"ನೀವೇ ಅಲ್ವಾ ಮಾದೇವಣ್ಣ, ಮೊಳೆ ಮೇಲೆ ಕರುಣೆ ತೋರಿಸಬೇಡ ಅಂದದ್ದು?"

"ಅದು ಮೊಳೆಗೆ. ಇದು ನಮ್ಮಕ್ಕನಿಗೆ."

"ಹಾಗಾದರೆ ಕನ್ನಡಕ ಹಾಕಿಕೊಳ್ಳಿ. ಗ್ರೈಂಡಿಂಗ್ ಮಾಡುವಾಗ ಹಾಕ್ತೀರಲ್ಲ, ಅದನ್ನೇ."

"ಬುಗುರಿ ಆಡಕ್ಕೆ ಕನ್ನಡಕ ಆಕ್ಕಂಡ್ ಓದ್ರೆ ಭಾವಂಗೆ ಆಗ್ಲೇ ತಿಳ್ದೋಯ್ತದೆ. ಒಂದು ಏಟು ತಾನೆ. ಬುಡು."

ನಾನು ಬಿಟ್ಟೆ. ಪುಟದಲ್ಲಿ 'ಚೂರು' ಅನ್ನುವ ಒಂದು ಪದ, ಅದರ ಮುಂದೆ ಖಾಲಿ. ಮರುದಿನ ಗೌರಮ್ಮ ಫೋನು ಮಾಡಿ, ಈ ಸಲ ಪಂದ್ಯಕ್ಕೆ ಯಜಮಾನರು ಒಪ್ಪಿದ್ದಾರೆ, ತಮ್ಮನಿಗೆ ಇಷ್ಟ ಅಂತ ಈಗಲೇ ಕಜ್ಜಾಯದ ಅಕ್ಕಿ ನೆನೆಸುವ ಲೆಕ್ಕ ಹಾಕುತ್ತಿದ್ದೇನೆ ಅಂತ ಅತ್ತರು, ನಕ್ಕರು. ಆಗಲಾದರೂ ಹೇಳಬಹುದಿತ್ತು, ಅಕ್ಕಾ ಇದರಲ್ಲಿ ಅಪಾಯ ಇದೆ ಅಂತ. ಅಷ್ಟು ಸಂತೋಷದ ದನಿಯ ಮೇಲೆ ತಣ್ಣೀರು ಹಾಕಲು ನನಗೆ ಬಾಯಿ ಬರಲಿಲ್ಲ. ಊರವರ ಮೇಲೆಲ್ಲ ಜಗಳ ತೆಗೆಯುವ ನನ್ನ ಬಾಯಿ ಬೇಕಾದ ಒಂದು ದಿನ ಬಿದ್ದುಹೋಯಿತು.

ಗೌರಿ ಹಬ್ಬದ ಹಿಂದಿನ ಭಾನುವಾರ. ನಾನೂ ಜೊತೆಗೆ ಹೋದೆ. ಬನ್ನೂರಿನ ದೊಡ್ಡಮ್ಮನ ಮನೆಗೆ ಹೋಗುವುದಕ್ಕೆ ನರಸೀಪುರದ ಮೇಲೇ ಹಾದಿ ಅನ್ನುವ ನೆಪವಿತ್ತು. ಬಸ್ಸಿನಲ್ಲಿ ಮಾದೇವಣ್ಣ ತೊಡೆಯ ಮೇಲೆ ಬಾಗಿನದ ಮೊರಗಳ ಗಂಟು ಇಟ್ಟುಕೊಂಡಿದ್ದರು. ಕಿಟಕಿಯಾಚೆ ಭತ್ತದ ಗದ್ದೆಗಳನ್ನು ಒಂದೇ ಕಣ್ಣಲ್ಲಿ ನೋಡುತ್ತಾ, "ನಾಟಿ ಸಾಲು ನೆಟ್ಟಗದೆ," ಅಂದರು. ಬೇರೆ ಮಾತಾಡಲಿಲ್ಲ.

ಮಿಲ್ಲಿನ ಕಣದಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಪುಟ್ಟಸ್ವಾಮಿಯನ್ನು ನಾನು ಆವತ್ತೇ ಮೊದಲು ನೋಡಿದ್ದು. ಗಿಡ್ಡ ಆಳು, ತವುಡಿನ ಧೂಳು ಹಿಡಿದ ಹುಬ್ಬು, ಮಾತು ಕಮ್ಮಿ. ಗೌರಮ್ಮ ಅಡುಗೆಮನೆಯ ಕಿಟಕಿಯ ಸರಳು ಹಿಡಿದು ನಿಂತಿದ್ದರು.

ಆಟದ ಕ್ರಮ ಇಷ್ಟೇ. ಇಬ್ಬರೂ ಒಟ್ಟಿಗೆ ಬಿಡಬೇಕು. ಮೊದಲು ನಿಂತ ಬುಗುರಿ ವೃತ್ತದಲ್ಲಿ ಮಲಗಬೇಕು, ಇನ್ನೊಬ್ಬ ಅದರ ಮೇಲೆ ಗುನ್ನ ಹೊಡೆಯುತ್ತಾ ಹೋಗಬೇಕು. ಹೊಡೆದ ಬುಗುರಿ ನೆಲಕ್ಕೆ ಬಿದ್ದ ಮೇಲೆ ತಿರುಗದಿದ್ದರೆ ಸರದಿ ಬದಲಾಗಿ ಅದೇ ಮಲಗಬೇಕು. ಮೊದಲಿಗೆ ಪುಟ್ಟಸ್ವಾಮಿಯ ಬುಗುರಿ ನಿಂತಿತು. ಮಾದೇವಣ್ಣ ಹೊಡೆದರು. ಒಂದು, ಎರಡು, ಮೂರು. ಒಂದೊಂದು ಏಟಿಗೂ ಭಾವನ ಬುಗುರಿಯಿಂದ ಚಕ್ಕೆ ಹಾರಿತು, ಜನ ಹೋ ಅಂದರು. ಪುಟ್ಟಸ್ವಾಮಿಯ ಮುಖ ಕಪ್ಪಿಟ್ಟಿತು. ನಾಲ್ಕು, ಐದು. ನಾನು ಸೆರಗಿನ ತುದಿ ಬಾಯಿಗೆ ತುರುಕಿಕೊಂಡಿದ್ದೆ. ಮಾದೇವಣ್ಣ ಗುರಿ ನೋಡಲು ಎಡಗಣ್ಣು ಮುಚ್ಚಿದರು, ಬಲಗಣ್ಣು ಪೂರ್ತಿ ತೆರೆದಿತ್ತು.

ಆರನೇ ಏಟಿಗೆ ಟಿಕ್ ಅಂತು.

ಮೊಳೆಯಿಲ್ಲದ ಬುಗುರಿ ಮಗ್ಗುಲಾಗಿ ಉರುಳಿತು. ಮಾದೇವಣ್ಣ ಒಂದು ಹೆಜ್ಜೆ ಹಿಂದಕ್ಕೆ ಹೋದರು. ಹೆಗಲ ಟವೆಲ್ಲನ್ನು ಬಲಗಣ್ಣಿಗೆ ಒತ್ತಿಕೊಂಡರು.

"ಏನಾಯ್ತ್ಲಾ?" ಪುಟ್ಟಸ್ವಾಮಿ ಕೇಳಿದರು.

"ತವುಡಿನ ಧೂಳು ಬಿತ್ತು ಭಾವ. ಮೊಳೆ ಓಯ್ತು ನಂದು. ನಿನ್ ಸರದಿ, ಒಡಿ." ತಾವೇ ಬಗ್ಗಿ, ಕೈಯಲ್ಲಿ ತಡವಿ ಹುಡುಕಿ ಬುಗುರಿಯನ್ನು ವೃತ್ತದಲ್ಲಿಟ್ಟರು. ಪುಟ್ಟಸ್ವಾಮಿ ಹಿಂದೆಮುಂದೆ ನೋಡಿದರು. "ಒಡಿ ಭಾವ, ನಿಂತ್ಕಬ್ಯಾಡ, ಒಡಿ," ಅಂದರು ಮಾದೇವಣ್ಣ. ಬುಷ್ಷಿನ ಸುತ್ತ ಮರವನ್ನು ಅವರು ಬೇಕೆಂದೇ ತೆಳ್ಳಗೆ ಕಡೆದಿದ್ದರು. ಮೊದಲ ಏಟಿಗೆ ಬಿರುಕು ಬಿತ್ತು, ಎರಡನೆಯದಕ್ಕೆ ಬುಗುರಿ ಹೋಳಾಯಿತು. ಹೋಳಾದ ಸದ್ದು ಕಿವಿಗೆ ಬಿದ್ದ ಮೇಲೆಯೇ ಅವರು ಕಣದ ಮೇಲೆ ಕುಸಿದು ಕೂತದ್ದು. ಟವೆಲ್ಲು ಅಷ್ಟರಲ್ಲಿ ಕೆಂಪಾಗಿತ್ತು.

ಮೈಸೂರಿನ ಆಸ್ಪತ್ರೆಗೆ ಭಾವನೇ ಹೊತ್ತುಕೊಂಡು ಓಡಿದರು. ಕಣ್ಣು ಉಳಿಯಲಿಲ್ಲ. ಆ ವರ್ಷ ಗೌರಮ್ಮ ಹಬ್ಬಕ್ಕೆ ನಂಜನಗೂಡಿಗೇ ಬಂದರು. ಹೊಸಲಲ್ಲಿ ನಿಂತು ತಮ್ಮನ ಪಟ್ಟಿ ಕಟ್ಟಿದ ಮುಖ ಸವರಿ, "ಯಾವ್ ಪಾಪಿ ಕಣ್ಣು ಬಿತ್ತೋ, ಗೆಲುವಿನ ಒತ್ನಲ್ಲಿ ಮೊಳೆ ಸಿಡೀತಲ್ಲ," ಅಂದರು. ತಮ್ಮ ಬೇಕೆಂದೇ ಸೋತ ಅಂತ ಅವರಿಗೆ ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿ ಸೋತಿದ್ದರು ಮಾದೇವಣ್ಣ. ನನಗೂ ಬಾಯಿ ಬಿಡದಂತೆ ಆಣೆ ಹಾಕಿಸಿಕೊಂಡರು. "ನಮ್ಮಕ್ಕನ್ ಮಾತಿಂದ ಕಣ್ ಓಯ್ತು ಅಂತ ಅವಳಿಗ್ ತಿಳೀಬಾರ್ದು ಕಣವ್ವ. ತಿಳಿದ್ರೆ ಅವ್ಳು ಬದುಕಕಿಲ್ಲ."

ಆಮೇಲೂ ಒಂಬತ್ತು ವರ್ಷ ಅವರು ಲೇತ್ ನಡೆಸಿದರು. ಎಡಗಣ್ಣಿಗೆ ಕೆಲಸ ಕಲಿಸಲು ಹೆಣಗಿದರು, ಅದು ಕಲಿಯಲಿಲ್ಲ. ಸಣ್ಣ ಕೆಲಸ ಬರುವುದು ನಿಂತಿತು. ಯಾರಾದರೂ ಏನಾದರೂ ತೋರಿಸಿದರೆ ಹಳೇ ರೂಢಿಯಲ್ಲಿ ಎಡಗಣ್ಣು ಮುಚ್ಚುತ್ತಿದ್ದರು. ಆಗ ಅವರಿಗೆ ಏನೂ ಕಾಣುತ್ತಿರಲಿಲ್ಲ. ಒಂದು ಗಳಿಗೆ ಹಾಗೇ ನಿಂತು, ಮತ್ತೆ ಕಣ್ಣು ತೆರೆದು ನಗುತ್ತಿದ್ದರು. ಅದನ್ನು ನೋಡಲಾರದೆ ನಾನು ಬೂತಿನೊಳಗೆ ಹೋಗಿಬಿಡುತ್ತಿದ್ದೆ. ಆದರೆ ಒಂಬತ್ತು ಗೌರಿ ಹಬ್ಬಕ್ಕೂ ಅಕ್ಕನ ಕೈಯಿಂದ ಕಜ್ಜಾಯ ತಿಂದರು.

ಅವರು ಹೋದದ್ದು ಜ್ವರ ಬಂದು, ಮೂರೇ ದಿನದಲ್ಲಿ. ಅಷ್ಟು ಹೊತ್ತಿಗೆ ನನ್ನ ಬೂತು ಹೋಗಿ ಝೆರಾಕ್ಸ್ ಅಂಗಡಿ ಆಗಿತ್ತು. ಕಾರ್ಯವೆಲ್ಲ ಮುಗಿದ ಮೇಲೆ ಪುಟ್ಟಸ್ವಾಮಿ ಒಬ್ಬರೇ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಜೇಬಿನಿಂದ ಸಣ್ಣ ಪೊಟ್ಟಣ ತೆಗೆದು ಬಿಚ್ಚಿದರು. ಹತ್ತಿಯ ನಡುವೆ ಎಳ್ಳುಕಾಳಿನಷ್ಟು ಉಕ್ಕು.

"ಡಾಕ್ಟ್ರು ತೆಗ್ದು ನನ್ ಕೈಗೇ ಕೊಟ್ರು," ಅಂದರು. "ಮುರಿದ ಕಡೆ ನೋಡವ್ವ, ಬಿಳೀ ಹರಳು. ಹದ ಇಳ್ಸಿಲ್ಲ. ಮಾದೇವ ಹದ ಇಳ್ಸೋದು ಮರೆಯೋ ಆಳಲ್ಲ."

ನಾನು ಪೊಟ್ಟಣದ ಮೇಲೆ ಬಗ್ಗಿದೆ. "ಆವತ್ತೇ ಗೊತ್ತಾಯ್ತಾ?"

"ಆವತ್ತೇ. ನಾನು ಗೆದ್ದಿಲ್ಲ ಅಂತ ಬಾಯಿ ಬುಟ್ಟಿದ್ರೆ ಅವ್ನ ಕಣ್ಣು ದಂಡ ಆಗೋದು. ಲಿಂಗ ಮುಟ್ಟಿ ಆಡಿದ್ ಮಾತು ಮುರ್ಕಂಡು ಒಂಬತ್ತು ವರ್ಸ ಅವಳ್ನ ತವರಿಗೆ ಕಳುಸ್ತಾ ಬಂದೆ." ಪೊಟ್ಟಣ ಮಡಿಸಿ ಮತ್ತೆ ಕೇಳಿದರು, ನನ್ನ ಮುಖ ನೋಡದೆ: "ಒಂದೇ ಮಾತು ಹೇಳವ್ವ. ಹಿಂಗೆ ಹಾರ್ತದೆ ಅಂತ ಅವನಿಗ್ ಮೊದ್ಲೇ ಗೊತ್ತಿತ್ತಾ?"

ನಾನು ಡ್ರಾಯರಿನಿಂದ ಹಳೇ ನೋಟ್‌ಬುಕ್ ತೆಗೆದು ಆ ಪುಟ ಬಿಚ್ಚಿಟ್ಟೆ. 'ಚೂರು', ಮುಂದೆ ಖಾಲಿ. ಆಮೇಲೆ ಬಾಗಿಲಿನ ಚೌಕಟ್ಟಿನ ತೂತನ್ನು ಬೆರಳಲ್ಲಿ ತೋರಿಸಿದೆ. ಅವರು ಎದ್ದು ಹೋಗಿ ಅದನ್ನು ನೋಡಿದರು.

"ನಿಂಗೂ ಗೊತ್ತಿತ್ತು," ಅಂದರು.

"ಗೊತ್ತಿತ್ತು," ಅಂದೆ.

ಅಷ್ಟರಲ್ಲಿ ಗೌರಮ್ಮ ತಮ್ಮನ ಬಿಸ್ಕತ್ತಿನ ಡಬ್ಬವನ್ನು ಕಂಕುಳಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಪುಟ್ಟಸ್ವಾಮಿಯ ಕೈ ಜೇಬಿಗೆ ಹೋಯಿತು, ನಾನು ನೋಟ್‌ಬುಕ್ ಮುಚ್ಚಿದೆ. ಅಳು ಬತ್ತಿದ ಮುಖದ ಗೌರಮ್ಮ ಸುಸ್ತಾಗಿ ಬಾಗಿಲಿನ ಚೌಕಟ್ಟು ಹಿಡಿದು ನಿಂತರು. ಅವರ ಹೆಬ್ಬೆರಳು ಸರಿಯಾಗಿ ಆ ತೂತಿನ ಮೇಲೇ ಬಂತು. ಸವರಿ ನೋಡಿದರು.

"ಏನ್ ರತ್ನವ್ವ ಇದು, ಹುಳ ಒಡ್ದದಾ?"

ಪುಟ್ಟಸ್ವಾಮಿ ನನ್ನನ್ನೇ ನೋಡುತ್ತಿದ್ದರು.

"ಹೂಂ ಅಕ್ಕ," ಅಂದೆ. "ಹುಳ ಹೊಡೆದಿದೆ."

"ಒಂಚೂರು ಸೀಮೆಎಣ್ಣೆ ಬುಡವ್ವ," ಅಂದರು ಗೌರಮ್ಮ. "ಒಳಗೇ ಇದ್ಕಂಡು ತಿಂದಾಕ್ಬುಡ್ತದೆ."